ಕೂಸು ಬಡವಾಗದಂತೆ

ಗಂಡಹೆಂಡಿರ ಜಗಳವನ್ನು ಕುರಿತು ಕನ್ನಡದಲ್ಲಿ ಎರಡು ಗಾದೆಗಳುಂಟು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ಒಂದು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಹಿರಿಯರು ನಗುತ್ತ ಹೇಳುತ್ತಾರೆ. ಎರಡನೆಯದನ್ನು ಹೇಳುವಾಗ ಯಾರೂ ನಗುವುದಿಲ್ಲ. ಮೊದಲನೆಯ ಗಾದೆಗೆ ಮನೆಯಲ್ಲಿ ಕಾಣುವವರು ಇಬ್ಬರು; ಎರಡನೆಯದಕ್ಕೆ ಮೂವರು. ನಮ್ಮ ಕೌಟುಂಬಿಕ ಕಾನೂನಿನ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳೆಂದರೆ, ಅದು ಮೊದಲನೆಯ ಗಾದೆಯಿಂದ ಹೊರಟು ಎರಡನೆಯದರ ಕಡೆಗೆ ಬಹು ನಿಧಾನವಾಗಿ ನಡೆದು ಬಂದ ದಾರಿ ಎಂದು ನಾನು ಹೇಳುತ್ತೇನೆ.

ಬಡವಾಗುವುದು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡರ್ಥ. ಮೈ ಸೊರಗುವುದೂ ಬಡವಾಗುವುದೇ, ಕೈ ಬರಿದಾಗುವುದೂ ಬಡವಾಗುವುದೇ. ಮಗು ಯಾರ ಮಡಿಲಲ್ಲಿ ಬೆಳೆಯಬೇಕೆಂಬುದು ಒಂದು ಪ್ರಶ್ನೆ. ಯಾರ ದುಡಿಮೆಯ ಅನ್ನದಿಂದ ಬೆಳೆಯಬೇಕೆಂಬುದು ಮತ್ತೊಂದು. ಕಾನೂನು ಮೊದಲನೆಯದನ್ನು ಅಭಿರಕ್ಷೆ ಎಂದೂ ಎರಡನೆಯದನ್ನು ಜೀವನಾಂಶ ಎಂದೂ ಕರೆಯುತ್ತದೆ. ವಿಚ್ಛೇದನವೆಂಬ ದೊಡ್ಡ ಹೆಸರಿನ ಸದ್ದಿನಲ್ಲಿ ಈ ಎರಡು ಪ್ರಶ್ನೆಗಳು ಕೇಳಿಸದೆ ಹೋಗುತ್ತವೆ. ಅವನ್ನು ಕೇಳಿಸುವಂತೆ ಮಾಡುವುದೇ ಈ ಲೇಖನದ ಉದ್ದೇಶ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳ ಸುತ್ತಮುತ್ತಲ ಶಾಲೆಗಳಲ್ಲಿ ಕನ್ನಡ ಕಲಿಸುತ್ತ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗು, ವಾಣಿವಿಲಾಸ ಸಾಗರದ ಕೆಳಗಿನ ಹಿರಿಯೂರಿನ ನೀರಾವರಿ ಭೂಮಿ, ಕೋಟೆಯ ಸುತ್ತಿನ ಕಲ್ಲುಬಯಲು: ನೆಲ ಬೇರೆಬೇರೆಯಾದರೂ ಮನೆಯೊಳಗಣ ಕಷ್ಟಕ್ಕೆ ಬಣ್ಣ ಒಂದೇ. ಉಪಾಧ್ಯಾಯನಾದವನ ಬಳಿಗೆ ಹಳೆಯ ವಿದ್ಯಾರ್ಥಿಗಳು ಅರ್ಜಿ ಬರೆಸಲು ಬರುತ್ತಾರೆ, ನೋಟೀಸು ಓದಿಸಲು ಬರುತ್ತಾರೆ. ಹೀಗೆ ಬಂದ ಕಾಗದಗಳೇ ನನ್ನನ್ನು ಕಾನೂನಿನ ಪುಸ್ತಕಗಳ ಕಡೆಗೆ ಕರೆದೊಯ್ದವು. ನಾನು ವಕೀಲನಲ್ಲ. ಓದಿ ತಿಳಿದದ್ದನ್ನು, ಕಣ್ಣಾರೆ ಕಂಡದ್ದರೊಡನೆ ಹೊಂದಿಸಿ, ಓದುಗರ ಮುಂದಿಡುತ್ತಿದ್ದೇನೆ.

ಹಳೆಯ ಕಟ್ಟೆ

ವಿವಾಹ ವಿಚ್ಛೇದನವೆಂಬುದು ಪಶ್ಚಿಮದಿಂದ ಬಂದ ಪಿಡುಗೆಂದು ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಈ ನಂಬಿಕೆ ನಿಲ್ಲತಕ್ಕದ್ದಲ್ಲ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಮೊದಲ ಬಾರಿಗೆ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ಅದರ ಧರ್ಮಸ್ಥೀಯ ಅಧಿಕರಣದಲ್ಲಿ ದಂಪತಿಗಳ ಬಿಡುಗಡೆಗೆ ಮೋಕ್ಷವೆಂದೇ ಹೆಸರು. ಒಬ್ಬರಿಗೆ ಮಾತ್ರ ದ್ವೇಷವಿದ್ದರೆ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಬಿಡುಗಡೆಯಿಲ್ಲ. ದ್ವೇಷ ಇಬ್ಬರಿಗೂ ಇದ್ದರೆ ಬಿಡುಗಡೆಯುಂಟು. ಧರ್ಮವಿವಾಹಗಳಿಗೆ ಮಾತ್ರ ಅದು ಸಲ್ಲದು. ಪರಸ್ಪರ ಸಮ್ಮತಿಯ ವಿಚ್ಛೇದನ ಭಾರತದ ಹಿಂದೂ ವಿವಾಹ ಕಾಯಿದೆಯಲ್ಲಿ ಸೇರಿದ್ದು ೧೯೭೬ರಲ್ಲಿ. ಅದರ ಬೀಜ ಎಷ್ಟು ಹಿಂದಿನದೆಂಬುದನ್ನು ಇದರಿಂದ ಊಹಿಸಬಹುದು.

ಶಾಸ್ತ್ರದ ಮಾತು ಹಾಗಿರಲಿ. ನಮ್ಮ ಸೀಮೆಯ ಅನೇಕ ಸಮುದಾಯಗಳಲ್ಲಿ ಬಿಡುಗಡೆಯೂ ಇತ್ತು, ಮರುಮದುವೆಯೂ ಇತ್ತು. ಆ ಮರುಮದುವೆಗೆ ಉಡಿಕೆ, ಕೂಡಾವಳಿ ಎಂಬ ಹೆಸರುಗಳಿದ್ದವು. ಕಾಡುಗೊಲ್ಲರು, ಮ್ಯಾಸಬೇಡರು ಮೊದಲಾದವರಲ್ಲಿ ಕಟ್ಟೆಮನೆಯ ಹಿರಿಯರು ಕೂತು ನ್ಯಾಯ ಹೇಳುತ್ತಿದ್ದರು. ಮದುವೆಯಲ್ಲಿ ಹೆಣ್ಣಿನ ಕಡೆಗೆ ಕೊಟ್ಟ ತೆರವನ್ನು ಹಿಂದಿರುಗಿಸಬೇಕೆ, ಬೇಡವೆ, ಒಡವೆ ಯಾರಿಗೆ, ತಪ್ಪುಕಾಣಿಕೆ ಎಷ್ಟು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಮೇಲುಜಾತಿಯೆನಿಸಿಕೊಂಡವರ ಮನೆಗಳಲ್ಲಿ ಹೆಣ್ಣು ಉಸಿರು ಕಟ್ಟಿ ಬಾಳುತ್ತಿದ್ದ ಕಾಲದಲ್ಲಿ, ಇಲ್ಲಿ ಆಕೆಗೆ ಬಾಗಿಲು ತೆರೆದಿತ್ತೆಂಬುದನ್ನು ಮರೆಯಬಾರದು. ಆದರೆ ಆ ಬಾಗಿಲಿನಿಂದ ಹೊರಗೆ ಬಂದದ್ದು ಅವಳೊಬ್ಬಳೇ. ಮಕ್ಕಳು ಸಾಮಾನ್ಯವಾಗಿ ಗಂಡನ ಕುಲಕ್ಕೆ ಸೇರಿದವರು. ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂದು ಧರ್ಮಶಾಸ್ತ್ರಕಾರರು ಮಾಡಿದ ಚರ್ಚೆಯ ತೀರ್ಪು ಹೊಲದಲ್ಲಿ ದುಡಿಯುವವನ ಮನೆಯಲ್ಲಿಯೂ ಹಾಗೆಯೇ ನಡೆಯುತ್ತಿತ್ತು. ಬೆಳೆ ಬೀಜದವನದು, ನೆಲಕ್ಕೆ ನೆಲವೇ ಗತಿ.

ಸಂಸ್ಥಾನದ ಕಾಲ

ಮೈಸೂರು ಸಂಸ್ಥಾನ ಸ್ತ್ರೀಯರ ವಿಷಯದಲ್ಲಿ ಹಿಂದುಳಿದದ್ದೇನೂ ಆಗಿರಲಿಲ್ಲ. ೧೮೯೪ರಲ್ಲಿಯೇ ಇಲ್ಲಿ ಶಿಶುವಿವಾಹ ನಿಷೇಧದ ಶಾಸನ ಬಂದಿತು. ೧೯೩೩ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯಿದೆ, ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಗಳಿಗೆ ಪಾಲನ್ನು ಗೊತ್ತುಮಾಡಿತು; ಬ್ರಿಟಿಷ್ ಸೀಮೆಯಲ್ಲಿ ಅಂಥ ಕಾನೂನು ಇನ್ನೂ ಇಲ್ಲದಿದ್ದ ಕಾಲ ಅದು. ಆದರೂ ಹಿಂದೂ ಹೆಂಗಸು ನ್ಯಾಯಸ್ಥಾನಕ್ಕೆ ಹೋಗಿ ವಿಚ್ಛೇದನ ಕೇಳುವ ದಾರಿಯನ್ನು ಅದು ತೆರೆಯಲಿಲ್ಲ. ಬರೋಡಾ ಸಂಸ್ಥಾನ ೧೯೩೧ರಲ್ಲಿ ತೆರೆಯಿತು, ಮುಂಬಯಿ ಪ್ರಾಂತ ೧೯೪೭ರಲ್ಲಿ, ಮದರಾಸು ೧೯೪೯ರಲ್ಲಿ. ಆಗ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಹಾಗಾಗಿ ೧೯೪೯ರಿಂದೀಚೆಗೆ ನಮ್ಮ ಜಿಲ್ಲೆಯ ಉತ್ತರದ ಗಡಿಯಾಚೆ ಬಳ್ಳಾರಿಯ ಕಡೆ ಹುಟ್ಟಿದ ಹೆಣ್ಣಿಗೆ ಇದ್ದ ಹಕ್ಕು, ಈಚೆ ಮೊಳಕಾಲ್ಮೂರಿನಲ್ಲಿ ಹುಟ್ಟಿದವಳಿಗೆ ಇರಲಿಲ್ಲ. ಮಾತು ಒಂದು, ದೇವರು ಒಂದು, ಮಳೆಯಿಲ್ಲದ ಆಕಾಶವೂ ಒಂದೇ. ಗಡಿಕಲ್ಲು ಮಾತ್ರ ಬೇರೆ.

೧೯೫೫ರ ಮೇ ೧೮ರಂದು ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದಿತು. ಆ ಕಲ್ಲು ಅಂದಿಗೆ ಬಿದ್ದುಹೋಯಿತು. ಆದರೆ ಆ ಮೊದಲ ರೂಪದಲ್ಲಿ ಕಾಯಿದೆ ಬಹಳ ಅಂಜಿಕೆಯದು. ಮದುವೆಯಾಗಿ ಮೂರು ವರ್ಷ ತುಂಬುವ ತನಕ ಸಾಧಾರಣವಾಗಿ ಅರ್ಜಿ ಹಾಕುವಂತಿರಲಿಲ್ಲ. ಈಗ ಒಂದು ವರ್ಷ. ಕ್ರೌರ್ಯವಾಗಲಿ ಪರಿತ್ಯಾಗವಾಗಲಿ ಅಂದು ಬೇರೆ ವಾಸಕ್ಕೆ ಕಾರಣವಾಗಬಹುದಿತ್ತೇ ಹೊರತು ವಿಚ್ಛೇದನಕ್ಕಲ್ಲ. ೧೯೭೬ರ ತಿದ್ದುಪಡಿ ಇವೆರಡನ್ನೂ ವಿಚ್ಛೇದನದ ಕಾರಣಗಳಲ್ಲಿ ಸೇರಿಸಿತು. ಪರಸ್ಪರ ಸಮ್ಮತಿಯ ದಾರಿಯನ್ನೂ ಹಾಕಿತು. ಒಂದು ವರ್ಷ ಬೇರೆಯಾಗಿದ್ದವರು ಕೂಡಿ ಅರ್ಜಿ ಹಾಕಬಹುದು. ಆರು ತಿಂಗಳು ಕಳೆದು ಮತ್ತೆ ಬಂದು ತಮ್ಮ ಮನಸ್ಸು ಬದಲಾಗಿಲ್ಲವೆಂದು ಹೇಳಬೇಕು. ಕೂಡಿ ಬಾಳುವ ಆಶೆ ನಿಜವಾಗಿಯೂ ಅಳಿದಿದ್ದು, ಮಕ್ಕಳ ಮತ್ತು ಜೀವನಾಂಶದ ಮಾತು ಮೊದಲೇ ತೀರ್ಮಾನವಾಗಿದ್ದರೆ, ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ ೨೦೧೭ರಲ್ಲಿ ಹೇಳಿತು. ಮಕ್ಕಳ ಮಾತು ಇತ್ಯರ್ಥವಾಗದಿದ್ದರೆ ಬಿಡುಗಡೆಗೆ ಆತುರವಿಲ್ಲ ಎಂಬ ಧ್ವನಿ ಆ ತೀರ್ಪಿನಲ್ಲಿದೆ.

ಛಾಪಾಕಾಗದ

ಕಾಯಿದೆ ಬಂದು ಇಷ್ಟು ವರ್ಷಗಳಾದ ಮೇಲೂ ನಮ್ಮ ಕಡೆ ಬಿಡುಗಡೆ ಬಹಳ ಸಲ ಛಾಪಾಕಾಗದದ ಮೇಲೆಯೇ ಆಗುತ್ತದೆ. ಅಂಥದೊಂದನ್ನು ಹೊಳಲ್ಕೆರೆಯ ಕಡೆಯಿಂದ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದು ತೋರಿಸಿದಳು. ಅಕ್ಷರ ದುಂಡಗಿತ್ತು, ಭಾಷೆ ಗಂಭೀರವಾಗಿತ್ತು. ಮದುವೆಯ ತೇದಿ, ಮನಸ್ತಾಪದ ವಿವರ, ಹಿಂದಿರುಗಿಸಿದ ಒಡವೆಯ ತೂಕ, ಪಾತ್ರೆಗಳ ಪಟ್ಟಿ, ಕೊಟ್ಟ ಹಣ, ಇನ್ನು ಮುಂದೆ ಒಬ್ಬರ ಗೊಡವೆ ಒಬ್ಬರಿಗಿಲ್ಲವೆಂಬ ಒಪ್ಪಂದ, ಐದು ಜನ ಪಂಚರ ರುಜು. ಕೊನೆಯಲ್ಲಿ ಒಂದು ಸಾಲು: ಹೆಣ್ಣುಮಗು ತಾಯಿಯ ಹತ್ತಿರ ಇರತಕ್ಕದ್ದು, ಅದರ ಬಾಬ್ತು ಮುಂದೆ ಯಾವ ಖರ್ಚನ್ನೂ ಕೇಳತಕ್ಕದ್ದಲ್ಲ. ಕೊಳಗಕ್ಕೂ ತಂಬಿಗೆಗೂ ಹೆಸರಿದ್ದ ಆ ಕಾಗದದಲ್ಲಿ ಮಗುವಿಗೆ ಹೆಸರಿರಲಿಲ್ಲ.

“ಇದು ನಡೆಯುತ್ತದೆಯೆ, ಮೇಷ್ಟ್ರೆ?” ಎಂದು ಅವಳು ಕೇಳಿದಳು. “ಪಂಚರೆಲ್ಲ ದೊಡ್ಡವರು. ಅವರ ಮಾತನ್ನು ಮೀರಿದಂತಾಗುವುದಿಲ್ಲವೆ?”

ಈ ಪ್ರಶ್ನೆಗೆ ಎರಡು ಉತ್ತರಗಳುಂಟು. ಮೊದಲನೆಯದು ಬಿಡುಗಡೆಯ ವಿಷಯ. ೧೯೫೫ರ ಕಾಯಿದೆ ಸಂಪ್ರದಾಯದ ವಿಚ್ಛೇದನವನ್ನು ಅಳಿಸಲಿಲ್ಲ. ೨೯ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿ ಅದನ್ನು ಉಳಿಸಿದೆ. ಆದರೆ ಆ ಸಮುದಾಯದಲ್ಲಿ ಅಂಥ ಸಂಪ್ರದಾಯ ಬಹುಕಾಲದಿಂದ, ಎಡೆಬಿಡದೆ, ನಿಶ್ಚಿತವಾದ ಕ್ರಮದಲ್ಲಿ ನಡೆದುಬಂದಿದೆಯೆಂದು, ಅದನ್ನು ಆಶ್ರಯಿಸುವವರೇ ಸಾಬೀತು ಮಾಡಬೇಕು. ಸಾಮಾನ್ಯ ಕಾನೂನಿಗೆ ಇದೊಂದು ಅಪವಾದವಾದ್ದರಿಂದ ಸಾಕ್ಷ್ಯವಿಲ್ಲದೆ ಒಪ್ಪಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೦೨ರಲ್ಲಿ ಸ್ಪಷ್ಟಪಡಿಸಿತು. ಅಂಥ ಸಂಪ್ರದಾಯವೇ ಇಲ್ಲದವರು ಬರಿಯ ಛಾಪಾಕಾಗದದ ಬಲದಿಂದ ಬೇರೆಯಾದರೆ, ಕಾನೂನಿನ ಕಣ್ಣಿಗೆ ಅವರು ಇನ್ನೂ ದಂಪತಿಗಳೇ. ಆ ಕಾಗದವನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು, ಅಪರಾಧವೂ ಆಗಬಹುದು. ಅಂಥ ಮದುವೆಯಲ್ಲಿ ಹುಟ್ಟಿದ ಮಗುವನ್ನು ಮಾತ್ರ ಕಾನೂನು ಕೈಬಿಟ್ಟಿಲ್ಲ. ಅದು ಔರಸವೇ ಎಂದು ೧೬ನೆಯ ಕಲಮು ಹೇಳುತ್ತದೆ. ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬಹುದಾದ ಪಾಲಿನಲ್ಲಿ ಆ ಮಗುವಿಗೂ ಭಾಗವುಂಟೆಂದು, ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ೨೦೨೩ರ ಸೆಪ್ಟೆಂಬರ್ ೧ರಂದು ತೀರ್ಪಿತ್ತಿದೆ.

ಎರಡನೆಯ ಉತ್ತರ ಆ ಕೊನೆಯ ಸಾಲಿನ ವಿಷಯ. ಅದು ಇನ್ನೂ ಸುಲಭ. ಮಗುವಿನ ಅನ್ನ ಮಗುವಿನದು. ತಾಯಿ ಬೇಸರದಿಂದಲೋ ಭಯದಿಂದಲೋ ತನ್ನ ಪಾಲನ್ನು ಬೇಡವೆಂದು ಬರೆದುಕೊಟ್ಟಾಳು. ಮಗುವಿನ ಪಾಲನ್ನು ಬಿಟ್ಟುಕೊಡಲು ಅದು ಅವಳ ಆಸ್ತಿಯೇ ಅಲ್ಲ. ಐದು ಜನ ಪಂಚರಲ್ಲ, ಐವತ್ತು ಜನ ರುಜು ಹಾಕಿದರೂ ತಂದೆಯ ಹೊಣೆ ಕಳೆಯದು. ಪಂಚರ ಮಾತನ್ನು ಮೀರುವ ಪ್ರಶ್ನೆ ಇಲ್ಲಿಲ್ಲ, ಏಕೆಂದರೆ ಪಂಚರಿಗೆ ಈ ಮಾತನ್ನಾಡುವ ಅಧಿಕಾರವೇ ಇರಲಿಲ್ಲ. ಇಷ್ಟನ್ನು ಕೇಳಿ ಅವಳು ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ವಿಚ್ಛೇದನದ ದಾವೆ ಹೂಡಲಿ ಹೂಡದಿರಲಿ, ಜೀವನಾಂಶದ ಅರ್ಜಿ ಹಾಕಬಹುದೆಂದು ಹೇಳಿದಾಗ ಅವಳ ಮುಖದಲ್ಲಿ ಆಶ್ಚರ್ಯ ಕಾಣಿಸಿತು. ಮದುವೆ ಮುರಿಯದೆ ಅನ್ನ ಕೇಳುವ ಹಾಗಿಲ್ಲವೆಂದೇ ಅವಳು ತಿಳಿದಿದ್ದಳು. ಹಾಗೆ ತಿಳಿದವರು ಬಹಳ ಮಂದಿ.

ಮಡಿಲು

ಜಾತಕ ಕಥೆಗಳಲ್ಲಿ ಮಹೌಷಧ ಪಂಡಿತನ ಕಥೆಯೊಂದಿದೆ. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಬಡಿದಾಡುತ್ತಾರೆ. ನೆಲದ ಮೇಲೆ ಗೆರೆಯೆಳೆದು, ಮಗುವನ್ನು ನಡುವೆ ಮಲಗಿಸಿ, ಎಳೆದುಕೊಂಡವಳದೇ ಮಗು ಎನ್ನುತ್ತಾನೆ ಪಂಡಿತ. ಮಗು ಅಳುತ್ತಲೇ ಹೆತ್ತವಳು ಕೈಬಿಡುತ್ತಾಳೆ, ನ್ಯಾಯ ತೀರುತ್ತದೆ. ಕಥೆಯ ನ್ಯಾಯಾಧೀಶ ಪುಣ್ಯವಂತ, ಅವನ ಮುಂದಿದ್ದವರಲ್ಲಿ ಒಬ್ಬಳು ಸುಳ್ಳಿ. ಇಂದಿನ ನ್ಯಾಯಾಧೀಶರ ಮುಂದೆ ಗೆರೆಯ ಎರಡೂ ಕಡೆ ನಿಂತವರು ನಿಜವಾದ ತಂದೆತಾಯಿಗಳೇ. ಇಬ್ಬರೂ ಕೈಬಿಡುವುದಿಲ್ಲ, ಅಥವಾ ಇಬ್ಬರೂ ಬಿಡುತ್ತಾರೆ, ಅದು ಇನ್ನೂ ಘೋರ.

ಈ ಸಂಕಟಕ್ಕೆ ಕಾನೂನು ಹಿಡಿದ ದೀಪ ಒಂದೇ: ಮಗುವಿನ ಹಿತ. ೧೮೯೦ರ ಪೋಷಕರು ಮತ್ತು ಪೋಷ್ಯರ ಕಾಯಿದೆಯ ೧೭ನೆಯ ಕಲಮಿನಲ್ಲಿಯೇ ಈ ಮಾತು ಬರುತ್ತದೆ. ತನ್ನ ಇಷ್ಟವನ್ನು ವಿವೇಕದಿಂದ ಹೇಳಬಲ್ಲ ವಯಸ್ಸಿನ ಮಗುವಿನ ಮಾತನ್ನು ನ್ಯಾಯಾಲಯ ಪರಿಗಣಿಸಬಹುದೆಂದೂ ಅಲ್ಲಿದೆ. ಈ ಕಾಯಿದೆ ಎಲ್ಲ ಮತದವರಿಗೂ ಅನ್ವಯಿಸುತ್ತದೆ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದಿತು. ಮಗುವಿನ ಹಿತವೇ ಪರಮವಾದದ್ದೆಂದು ೧೩ನೆಯ ಕಲಮಿನಲ್ಲಿ ಸಾರಿತು. ಮಕ್ಕಳು ತಂದೆತಾಯಿಗಳ ಆಸ್ತಿಯೂ ಅಲ್ಲ, ಆಟದ ಬೊಂಬೆಯೂ ಅಲ್ಲವೆಂಬ ಭಾವವನ್ನು ಸರ್ವೋಚ್ಚ ನ್ಯಾಯಾಲಯ ೧೯೭೩ರ ತೀರ್ಪೊಂದರಲ್ಲಿ ವ್ಯಕ್ತಪಡಿಸಿತು. ಬೀಜ ಮತ್ತು ಕ್ಷೇತ್ರದ ಹಳೆಯ ವ್ಯಾಜ್ಯದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದಂತಾಯಿತು: ಸಸಿಗೆ ಯಾವುದು ಒಳ್ಳೆಯದು?

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮಗು ಯಾರ ಬಳಿ ಉಣ್ಣುತ್ತದೆ, ಮಲಗುತ್ತದೆ, ಶಾಲೆಗೆ ಹೋಗುತ್ತದೆ ಎಂಬುದು ಅಭಿರಕ್ಷೆ. ಅದರ ಪರವಾಗಿ ರುಜು ಹಾಕುವ, ಅದರ ಸ್ವತ್ತನ್ನು ನೋಡಿಕೊಳ್ಳುವ ಅಧಿಕಾರ ಪೋಷಕತ್ವ. ೧೯೫೬ರ ಕಾಯಿದೆ ಸ್ವಾಭಾವಿಕ ಪೋಷಕ ತಂದೆ, ಅವನ ನಂತರ ತಾಯಿ ಎಂದು ಬರೆದಿತ್ತು. ಕಾದಂಬರಿಗಾರ್ತಿ ಗೀತಾ ಹರಿಹರನ್ ಅವರು ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಹಾಕಿ, ತಾಯಿಯೇ ಪೋಷಕಿಯೆಂದು ರುಜು ಮಾಡಿದಾಗ ಈ ನಂತರ ಎಂಬ ಒಂದು ಪದ ಅಡ್ಡವಾಯಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನಂತರ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ. ಅವನು ಮಗುವಿನ ಯೋಗಕ್ಷೇಮದಲ್ಲಿ ಇಲ್ಲದಿರುವಾಗ ಎಂದೂ ಅರ್ಥ ಎಂದು ೧೯೯೯ರ ಫೆಬ್ರವರಿಯಲ್ಲಿ ನ್ಯಾಯಾಲಯ ವ್ಯಾಖ್ಯಾನಿಸಿತು. ಒಂದು ಪದದ ಅರ್ಥಕ್ಕಾಗಿ ವರ್ಷಗಟ್ಟಲೆ ನಡೆದ ಈ ಹೋರಾಟ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸಬೇಕು. ಬದುಕಿನಲ್ಲಿ ಶಬ್ದಾರ್ಥ ವಿಚಾರಕ್ಕೆ ಇಷ್ಟು ಬೆಲೆ ಬರುವುದು ಅಪರೂಪ.

ಇಂಥ ಮೊಕದ್ದಮೆಗಳ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ; ಕಾನೂನಿನ ಕಟ್ಟಳೆಯೇ ಹಾಗಿದೆ, ಹಾಗಿರುವುದು ಒಳ್ಳೆಯದೂ ಹೌದು. ಹೊರಗಿನವನಿಗೆ ಕಾಣುವುದು ಜಗಲಿ ಮಾತ್ರ. ಹಿರಿಯೂರಿನ ನ್ಯಾಯಾಲಯದ ಜಗಲಿಯಲ್ಲಿ ನಾನೊಮ್ಮೆ ಕಂಡದ್ದನ್ನು ಹೇಳಬೇಕು. ವಾಯಿದೆಯ ದಿನ ತಂದೆಗೆ ಮಗನನ್ನು ತೋರಿಸಲು ಅಜ್ಜಿ ಕರೆತಂದಿದ್ದರು. ಏಳೆಂಟು ವರ್ಷದ ಹುಡುಗ. ತಂದೆ ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡು, ತಿನ್ನದೆ, ಅಜ್ಜಿಯ ಮುಖವನ್ನೊಮ್ಮೆ ತಂದೆಯ ಮುಖವನ್ನೊಮ್ಮೆ ನೋಡುತ್ತಿದ್ದ. ತಿಂದರೆ ಯಾರಿಗೆ ಬೇಸರವಾದೀತೋ, ತಿನ್ನದಿದ್ದರೆ ಯಾರಿಗೆ ಬೇಸರವಾದೀತೋ ಎಂಬ ಲೆಕ್ಕಾಚಾರ ಆ ಪುಟ್ಟ ಮುಖದಲ್ಲಿ ನಡೆಯುತ್ತಿತ್ತು. ಅಭಿರಕ್ಷೆ ಒಬ್ಬರಿಗೆ ಸಿಕ್ಕ ಮಾತ್ರಕ್ಕೆ ಇನ್ನೊಬ್ಬರು ಸತ್ತಂತೆ ಅಲ್ಲ. ಭೇಟಿಯ ಹಕ್ಕನ್ನು ನ್ಯಾಯಾಲಯ ಗೊತ್ತುಪಡಿಸುತ್ತದೆ, ಕಾಲ ಬದಲಾದರೆ ಆಜ್ಞೆಯನ್ನೂ ಬದಲಾಯಿಸುತ್ತದೆ. ಆದರೆ ಆ ಪೊಟ್ಟಣವನ್ನು ನಿರ್ಭಯವಾಗಿ ಒಡೆದು ತಿನ್ನು ಮಗು ಎಂದು ಹೇಳಬೇಕಾದವರು ನ್ಯಾಯಾಧೀಶರಲ್ಲ, ಮನೆಯವರು.

ಅನ್ನ

ಜೀವನಾಂಶದ ಇತಿಹಾಸವನ್ನು ರೂಪಾಯಿಯ ಲೆಕ್ಕದಲ್ಲಿ ಹೇಳಬಹುದು. ೧೮೯೮ರ ದಂಡ ಪ್ರಕ್ರಿಯಾ ಸಂಹಿತೆಯ ೪೮೮ನೆಯ ಕಲಮು, ಹೆಂಡತಿ ಮಕ್ಕಳನ್ನು ಸಾಕದವನು ಕೊಡಬೇಕಾದದ್ದು ತಿಂಗಳಿಗೆ ಹೆಚ್ಚೆಂದರೆ ೫೦ ರೂಪಾಯಿ ಎಂದಿತ್ತು. ೧೯೨೩ರಲ್ಲಿ ಅದು ೧೦೦ ಆಯಿತು, ೧೯೫೫ರಲ್ಲಿ ೫೦೦. ೧೯೭೩ರ ಹೊಸ ಸಂಹಿತೆ ೧೨೫ನೆಯ ಕಲಮೆಂದು ಅಂಕಿಯನ್ನು ಬದಲಾಯಿಸಿತು; ೫೦೦ ಮಾತ್ರ ಹಾಗೆಯೇ ಉಳಿಯಿತು. ಬೆಲೆಗಳು ಏರುತ್ತ ಹೋದವು, ಮಿತಿ ಅಲ್ಲಿಯೇ ಕೂತಿತ್ತು. ೨೦೦೧ರಲ್ಲಿ ಮಿತಿಯನ್ನೇ ತೆಗೆದುಹಾಕಲಾಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟೀಸು ಮುಟ್ಟಿದ ಅರುವತ್ತು ದಿನಗಳಲ್ಲಿ, ಸಾಧ್ಯವಾದಮಟ್ಟಿಗೆ ಇತ್ಯರ್ಥಗೊಳಿಸಬೇಕೆಂಬ ಮಾತೂ ಆಗಲೇ ಸೇರಿತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ; ಈಗ ಇದು ಅದರ ೧೪೪ನೆಯ ಕಲಮು.

ಈ ಕಲಮಿಗೆ ಜಾತಿಯಿಲ್ಲ, ಮತವಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಇದರಡಿ ಜೀವನಾಂಶ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ ೧೯೮೫ರಲ್ಲಿ ಹೇಳಿತು. ೧೯೮೬ರ ಬೇರೊಂದು ಕಾಯಿದೆಯಿಂದ ಎದ್ದ ಸಂದೇಹಕ್ಕೆ ೨೦೨೪ರ ಜುಲೈ ತಿಂಗಳ ತೀರ್ಪಿನಲ್ಲಿ ಮತ್ತೆ ಉತ್ತರವಿತ್ತು, ಆ ದಾರಿ ತೆರೆದೇ ಇದೆ ಎಂದಿತು. ಹೆಂಡತಿ ತಾನು ವಾಸವಾಗಿರುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ಗಂಡ ಬೆಂಗಳೂರಿನ ಕಾರ್ಖಾನೆಯಲ್ಲಿದ್ದರೂ ಹೊಸದುರ್ಗದ ತವರುಮನೆಯಲ್ಲಿರುವವಳು ಬಸ್ಸು ಹತ್ತಿ ಅಲ್ಲಿಗೆ ಅಲೆಯಬೇಕಾಗಿಲ್ಲ. ಆಜ್ಞೆಯಾದ ಮೇಲೂ ಕೊಡದವನಿಗೆ ಜಪ್ತಿಯುಂಟು, ಸೆರೆವಾಸವೂ ಉಂಟು. ಬಾಕಿಯನ್ನು ಒಂದು ವರ್ಷದೊಳಗೆ ಕೇಳಬೇಕೆಂಬುದನ್ನು ಮಾತ್ರ ಮರೆಯಬಾರದು. ಇನ್ನು ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಪ್ರಕಾರ ಮಕ್ಕಳನ್ನು ಸಾಕುವ ಹೊಣೆ ತಂದೆಯಂತೆ ತಾಯಿಗೂ ಉಂಟು. ಮದುವೆಯಾಗದ ಮಗಳು ತನ್ನನ್ನು ತಾನು ಸಾಕಿಕೊಳ್ಳಲಾರದಿದ್ದರೆ ಹದಿನೆಂಟು ದಾಟಿದ ಮೇಲೂ ಆ ಹೊಣೆ ತೀರುವುದಿಲ್ಲ.

ಎಷ್ಟು ಕೊಡಬೇಕು ಎಂಬುದೇ ಕಷ್ಟದ ಪ್ರಶ್ನೆ. ಸಂಬಳದವನಿಗೆ ಚೀಟಿಯಿದೆ, ಬೇಸಾಯಗಾರನಿಗೆ ಏನಿದೆ? ನಮ್ಮ ಕಡೆ ಹೆಂಡತಿಯ ವಕೀಲರು ತೋಟವನ್ನು ತೋರಿಸಿದರೆ ಗಂಡನ ವಕೀಲರು ಒಣಗಿದ ಕೊಳವೆಬಾವಿಯನ್ನು ತೋರಿಸುತ್ತಾರೆ. ಎರಡೂ ನಿಜವಾಗಿರಬಹುದು. ೨೦೨೦ರ ನವೆಂಬರ್ ೪ರಂದು ಸರ್ವೋಚ್ಚ ನ್ಯಾಯಾಲಯ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ವಿಧಿಸಿತು. ಬೇಸಾಯದವರಿಗಾಗಿ ಅದಕ್ಕೆ ಪ್ರತ್ಯೇಕ ನಮೂನೆಯನ್ನೇ ಜೋಡಿಸಿತು. ಜಮೀನಿನ ವಿಸ್ತೀರ್ಣವೆಷ್ಟು, ತರಿಯೋ ಖುಷ್ಕಿಯೋ, ಯಾವ ಬೆಳೆ, ಕಳೆದ ಮೂರು ವರ್ಷಗಳ ಉತ್ಪನ್ನವೆಷ್ಟು, ಎಮ್ಮೆ ಹಸು ಮೇಕೆಗಳೆಷ್ಟು, ಸಾಲವೆಷ್ಟು ಎಂದು ಅದು ಕೇಳುತ್ತದೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಲ್ಲಬೇಕೆಂದೂ ಅದೇ ತೀರ್ಪು ಹೇಳಿತು. ಮೊಕದ್ದಮೆ ಬೆಳೆದಷ್ಟೂ ಲಾಭವೆಂದುಕೊಂಡವನಿಗೆ ಇದರಿಂದ ಲಾಭವಿಲ್ಲದಾಯಿತು.

ಕಟ್ಟೆಯೂ ಕೋರ್ಟೂ

ಹಾಗಾದರೆ ಹಿರಿಯರ ಕಟ್ಟೆ ಬೇಡವೆ? ಹಾಗೆ ನಾನು ಹೇಳಲಾರೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದಲ್ಲಿ ಸದ್ಧರ್ಮ ನ್ಯಾಯಪೀಠವೆಂಬ ಹೆಸರಿನಲ್ಲಿ ಸೋಮವಾರಗಳಂದು ಜಗದ್ಗುರುಗಳ ಮುಂದೆ ವ್ಯಾಜ್ಯಗಳು ತೀರ್ಮಾನವಾಗುವುದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಮನೆಮುರಿದ ದಂಪತಿಗಳೂ ಅಲ್ಲಿಗೆ ಹೋಗುತ್ತಾರೆ. ವಕೀಲರಿಗೆ ತೆರಬೇಕಾದ ಹಣ, ವಾಯಿದೆಯ ಮೇಲೆ ವಾಯಿದೆ, ಇವುಗಳಿಂದ ಸೋತವರಿಗೆ ಹಿರಿಯರ ಮಾತು ತಂಪು. ೧೯೮೪ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯೂ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ನ್ಯಾಯಾಧೀಶರಿಗೇ ವಿಧಿಸಿದೆ. ಒಡೆದದ್ದು ಕೂಡುವುದಾದರೆ ಎಲ್ಲಿ ಕೂಡಿದರೇನು? ಕೂಡದೆಂದು ತೀರ್ಮಾನವಾದಾಗ ಮಾತ್ರ ಎಚ್ಚರಿಕೆ ಬೇಕು. ಬಿಡುಗಡೆಗೆ ನ್ಯಾಯಾಲಯದ ಮುದ್ರೆಯಿರಲಿ. ಮಗುವಿನ ಅಭಿರಕ್ಷೆ, ಭೇಟಿ, ಜೀವನಾಂಶ, ಶಾಲೆಯ ಖರ್ಚು ಇವೆಲ್ಲ ಆ ಆಜ್ಞೆಯಲ್ಲಿ ಬರೆಹದಲ್ಲಿ ಬರಲಿ. ಬಾಯಿಮಾತು ಹೇಳಿದವರೊಡನೆಯೇ ಹೋಗುತ್ತದೆ. ಬೆಳೆಯುವ ಮಗುವಿಗೆ ಹದಿನೆಂಟು ವರ್ಷ ಉಳಿಯುವ ಕಾಗದ ಬೇಕು.

ಕೊನೆಯದಾಗಿ ನನ್ನ ವೃತ್ತಿಬಾಂಧವರಿಗೆ ಒಂದು ಮಾತು. ಮನೆ ಮುರಿದದ್ದು ನ್ಯಾಯಾಲಯಕ್ಕೆ ತಿಳಿಯುವುದಕ್ಕೆ ಬಹಳ ಮೊದಲೇ ಉಪಾಧ್ಯಾಯರಿಗೆ ತಿಳಿಯುತ್ತದೆ. ವರ್ಷದ ನಡುವೆ ವರ್ಗಾವಣೆ ಪತ್ರ ಕೇಳಿ ಬರುವ ಸೋದರಮಾವ, ಪೋಷಕರ ಸಭೆಗೆ ಬರುವ ಅಜ್ಜಿ, ತಂದೆಯ ಹೆಸರು ಕೇಳಿದಾಗ ನೆಲ ನೋಡುವ ಹುಡುಗಿ: ಇವರೆಲ್ಲ ಹಾದುಹೋಗುವುದು ನಮ್ಮ ಮೇಜಿನ ಮುಂದೆಯೇ. ತಾಯಿಗೆ ವಕೀಲರಿಗೆ ಕೊಡಲು ಹಣವಿಲ್ಲದಿರಬಹುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಗೂ ಮಗುವಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು. ಚಿತ್ರದುರ್ಗದ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಸಮಿತಿಗಳೂ ಇರುವುದು ಇದಕ್ಕಾಗಿಯೇ. ಹೋಗಿ ಕೇಳು ತಾಯಿ, ಹಣ ಬೇಕಾಗಿಲ್ಲ, ಕೇಳುವುದು ಅವಮಾನವೂ ಅಲ್ಲ ಎಂದು ಹೇಳಲು ಎರಡು ನಿಮಿಷ ಸಾಕು. ಛಾಪಾಕಾಗದವನ್ನು ಮಡಿಸಿ ಒಯ್ದ ಆ ನನ್ನ ವಿದ್ಯಾರ್ಥಿನಿ ಮುಂದೆ ಅರ್ಜಿ ಹಾಕಿದಳು. ಅದರಲ್ಲಿ ಅರ್ಜಿದಾರರು ಇಬ್ಬರು: ಒಂದನೆಯ ಅರ್ಜಿದಾರಳು ತಾಯಿ, ಎರಡನೆಯವಳು, ತನ್ನ ಪೂರ್ತಿ ಹೆಸರು ಮತ್ತು ವಯಸ್ಸಿನೊಂದಿಗೆ, ಆ ಮಗು.